ಸಸಿ ನರ್ಸರಿಗೊಂದು ಆ್ಯಪ್: ಬುಕಿಂಗ್ ಪುಸ್ತಕದಿಂದ ಹೊರಟ ಯೋಜನೆ

ಮುಳಬಾಗಿಲು ತಾಲ್ಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 75ರಿಂದ ಸ್ವಲ್ಪ ಒಳಗೆ, ಮೂರು ಶೇಡ್‌ನೆಟ್ (ನೆರಳಿನ ಬಲೆ ಹೊದಿಸಿದ ಶೆಡ್) ಇರುವ ಒಂದು ತರಕಾರಿ ಸಸಿ ನರ್ಸರಿ. ಒಂದು ಸಲಕ್ಕೆ 4,000 ಟ್ರೇ ಹಿಡಿಸುವಷ್ಟು ಜಾಗ. ಟೊಮ್ಯಾಟೊ ಮುಖ್ಯ; ಜೊತೆಗೆ ಕ್ಯಾಪ್ಸಿಕಂ, ಹಸಿಮೆಣಸಿನಕಾಯಿ, ಎಲೆಕೋಸು, ಹೂಕೋಸು. ಫೋನ್ ಹಿಡಿದು ಕೆಲಸ ಮಾಡುವವರು ನಾಲ್ಕು ಜನ: ಮಾಲೀಕರು, ಬುಕಿಂಗ್ ಬರೆಯುವವರು, ಬಿತ್ತನೆ ನೋಡಿಕೊಳ್ಳುವ ಮೇಸ್ತ್ರಿ, ಗಾಡಿಗೆ ಲೋಡ್ ಮಾಡಿಸುವ ಹುಡುಗ. ಆ ಭಾಗದ ಮಧ್ಯಮ ಗಾತ್ರದ ನರ್ಸರಿಗಳಲ್ಲಿ ಕೆಲಸ ನಡೆಯುವ ರೀತಿಯನ್ನು ಎದುರಿಗಿಟ್ಟುಕೊಂಡು ಕಟ್ಟಿದ ಮಾದರಿ ಪ್ರಕರಣ ಇದು. ನರ್ಸರಿಯ ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಇಟ್ಟುಕೊಂಡಿದೆ.

ಮಾಲೀಕರ ಬೇಡಿಕೆ ಒಂದೇ ಸಾಲಿನದು: "ರೈತರು ಮನೇಲೇ ಕೂತು ಸಸಿ ಬುಕ್ ಮಾಡೋ ಹಂಗೆ ಒಂದು ಆ್ಯಪ್ ಬೇಕು."

ಕೇಳಿದ್ದನ್ನು ಕೇಳಿದಂತೆ ಮಾಡಿಕೊಟ್ಟರೆ ದುಡ್ಡು ದಂಡ. ಒಬ್ಬ ರೈತ ವರ್ಷಕ್ಕೆ ಎರಡೋ ಮೂರೋ ಸಲ ಸಸಿ ಬುಕ್ ಮಾಡುತ್ತಾನೆ. ಅಷ್ಟಕ್ಕಾಗಿ ಯಾರೂ ಫೋನಿನಲ್ಲಿ ಒಂದು ಆ್ಯಪ್ ಉಳಿಸಿಕೊಳ್ಳುವುದಿಲ್ಲ. ಫೋಟೊ ತುಂಬಿ ಜಾಗ ಸಾಲದೆ ಹೋದ ದಿನ ಮೊದಲು ಡಿಲೀಟ್ ಆಗುವುದೇ ಅದು. ಅದೂ ಅಲ್ಲದೆ ಬುಕಿಂಗ್ ಅಂದರೆ ಬರೀ ಆರ್ಡರ್ ಅಲ್ಲ. ಈ ಸಲ ಯಾವ ತಳಿ ಓಡ್ತಾ ಐತೆ, ಹೋದ ಸಲ ಪಕ್ಕದ ಊರಿನವರು ಹಾಕಿದ್ದು ಎಲೆ ಮುದುಡು ರೋಗ ತಡೀತಾ, ಬಾಕಿ ಸ್ವಲ್ಪ ತಡ ಆದರೆ ಪರವಾಗಿಲ್ವಾ ಎಂದೆಲ್ಲ ಕೇಳಲು ರೈತ ಫೋನ್ ಮಾಡಿಯೇ ಮಾಡುತ್ತಾನೆ. ಆ ಮಾತುಕತೆಯಲ್ಲೇ ಬುಕಿಂಗ್ ಮುಗಿದಿರುತ್ತದೆ. ಹಾಗಾಗಿ ಯೋಜನೆಯ ಮೊದಲ ತೀರ್ಮಾನ: ಮೊದಲ ಹಂತದ ಆ್ಯಪ್ ರೈತರಿಗಲ್ಲ, ಒಳಗೆ ಕೆಲಸ ಮಾಡುವ ಆ ನಾಲ್ಕು ಜನಕ್ಕೆ.

ಪುಸ್ತಕದಲ್ಲಿ ಸಿಕ್ಕಿದ ಮೂರು ಸೋರಿಕೆ

ಡೆವಲಪರ್ ಜೊತೆ ಕೂರುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹಿಂದಿನ ಎರಡು ತಿಂಗಳ ಬುಕಿಂಗ್ ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದು, ಒಂದೊಂದು ಸಾಲನ್ನೂ ಎಕ್ಸೆಲ್‌ಗೆ ಹಾಕುವುದು. ಬೇಜಾರಿನ ಕೆಲಸ, ಎರಡು ದಿನ ಹಿಡಿಯುತ್ತದೆ. ಆದರೆ ಆ್ಯಪ್‌ನಲ್ಲಿ ಏನಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಮೀಟಿಂಗ್‌ನಲ್ಲೂ ಸಿಗುವುದಿಲ್ಲ. ಇಲ್ಲಿ ಒಂದೇ ಆರ್ಡರ್ ಮೂರು ಕಡೆ ಬರೆದಿರುತ್ತದೆ: ಬುಕಿಂಗ್ ಪುಸ್ತಕ, ಬಿತ್ತನೆ ಶೆಡ್ಡಿನ ಬೋರ್ಡು, ಲೋಡಿಂಗ್ ಚೀಟಿ. ಮೂರನ್ನೂ ಸೇರಿಸುವ ನಂಬರ್ ಎಲ್ಲೂ ಇಲ್ಲ. ಸೇರಿಸುವುದು ಮಾಲೀಕರ ತಲೆ.

ಮೊದಲ ಸೋರಿಕೆ ಲೆಕ್ಕದ್ದು. ಸಾಲಿನಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡುವ ರೈತನಿಗೆ ಗಿಡಕ್ಕೆ 6 ಚದರಡಿ. ಎಕರೆಗೆ 43,560 ಚದರಡಿ, ಅಂದರೆ 7,260 ಸಸಿ. ಟ್ರೇಗೆ 98 ಕುಣಿ, ಕುಣಿಗೊಂದು ಸಸಿ. ಭಾಗಿಸಿದರೆ 74 ಚಿಲ್ಲರೆ ಬರುತ್ತದೆ, ಪುಸ್ತಕದಲ್ಲಿ 75 ಟ್ರೇ ಎಂದು ಬರೆಯುತ್ತಾರೆ. ಎಲ್ಲ ಕುಣಿಯೂ ಮೊಳೆಯುವುದಿಲ್ಲ. ಮೊಳೆತದ್ದರಲ್ಲೂ ಸಣಕಲು ಬರುತ್ತದೆ. ನೂರಕ್ಕೆ 90 ಒಳ್ಳೆಯ ಸಸಿ ಎಂದಿಟ್ಟುಕೊಂಡರೆ ಟ್ರೇಗೆ ಕೈಗೆ ಬರುವುದು 88. 75 ಟ್ರೇಯಲ್ಲಿ 6,600. ಲೋಡಿಂಗ್ ದಿನ 660 ಸಸಿ ಖೋತಾ, ಅದನ್ನು ಮುಚ್ಚಲು ಪಕ್ಕದವರ ಬುಕಿಂಗ್‌ನಿಂದ ಎಂಟು ಟ್ರೇ ಎತ್ತುವುದು, ಆಮೇಲೆ ಅವರಿಗೆ ಇನ್ನೊಬ್ಬರದ್ದು. ಸರಿಯಾದ ಲೆಕ್ಕ 83 ಟ್ರೇ. ಆ್ಯಪ್‌ನಲ್ಲಿ ಬರೆಯುವವರು ಸಸಿ ಎಷ್ಟು ಎಂದು ಮಾತ್ರ ಹಾಕಬೇಕು. ಟ್ರೇ ಎಷ್ಟು ಎಂಬುದನ್ನು ಆ್ಯಪ್ ಹೇಳಬೇಕು. 90 ಎಂಬ ಸಂಖ್ಯೆ ಕೋಡಿನೊಳಗೆ ಕೂತಿರಬಾರದು. ಬೆಳೆಗೊಂದು, ಬೇಕಾದರೆ ಬೀಜದ ಲಾಟ್‌ಗೊಂದು (ಒಟ್ಟಿಗೆ ತಯಾರಾಗಿ ಬಂದ ಬೀಜದ ಗುಂಪು), ಮಾಲೀಕರೇ ಬದಲಾಯಿಸುವಂತಿರಬೇಕು.

ಎರಡನೆಯದು, ಕೇಳಿದವರು ಒಯ್ಯದೆ ಉಳಿಯುವ ಸಸಿ. ಟೊಮ್ಯಾಟೊ ಸಸಿ 21ರಿಂದ 25 ದಿನಕ್ಕೆ ನಾಟಿಗೆ ಬರುತ್ತದೆ. ಚಳಿಗಾಲದಲ್ಲಿ ನಾಲ್ಕೈದು ದಿನ ಹೆಚ್ಚು. ಅಷ್ಟರಲ್ಲಿ ರೈತನ ಕಡೆ ಮಡಿ ಆಗಿರುವುದಿಲ್ಲ, ಮಲ್ಚಿಂಗ್ ಶೀಟ್ ಬಂದಿರುವುದಿಲ್ಲ, ಬೋರ್ ಕೈಕೊಟ್ಟಿರುತ್ತದೆ. "ಅಣ್ಣಾ, ಮಳೆ ಬಿದ್ದೈತೆ, ಒಂದು ವಾರ ಬಿಟ್ಟು ಬರ್ತೀನಿ" ಎಂಬ ಫೋನ್ 25ನೇ ದಿನ ಬಂದರೆ ಮಾಡುವುದು ಏನೂ ಉಳಿದಿರುವುದಿಲ್ಲ. 30 ದಿನ ದಾಟಿದ ಸಸಿ ಟ್ರೇಯಲ್ಲೇ ಉದ್ದಕ್ಕೆ ಎಳೆದು, ಕಾಂಡ ತೆಳ್ಳಗಾಗಿ ಬಾಗುತ್ತದೆ. ಬೇರು ಕುಣಿಯಲ್ಲಿ ಸುತ್ತಿಕೊಳ್ಳುತ್ತದೆ. ಅದನ್ನು ಅರ್ಧ ರೇಟಿಗೂ ಯಾರೂ ಒಯ್ಯುವುದಿಲ್ಲ. ಇದೇ ಮಾತು 18ನೇ ದಿನಕ್ಕೆ ಗೊತ್ತಾದರೆ ಆ ಟ್ರೇಗಳನ್ನು ಇನ್ನೊಬ್ಬರಿಗೆ ತಿರುಗಿಸಬಹುದು, ಇವರಿಗೆ ಮುಂದಿನ ಬಿತ್ತನೆಯಲ್ಲಿ ಕೊಡಬಹುದು. ಇಡೀ ಆ್ಯಪ್ ತನ್ನ ಖರ್ಚು ದುಡಿದುಕೊಳ್ಳುವುದು ಈ ಏಳು ದಿನದ ಅಂತರದಲ್ಲಿ.

ಮೂರನೆಯದು ರೈತನೇ ತಂದುಕೊಡುವ ಬೀಜ. ನರ್ಸರಿಯ ಬೀಜವಾದರೆ ಸಸಿಗೆ ಇಷ್ಟು. ರೈತ ಪ್ಯಾಕೆಟ್ ತಂದರೆ ಬೆಳೆಸಿಕೊಡುವ ಕೂಲಿ ಮಾತ್ರ. ಎರಡನೆಯದರಲ್ಲಿ ಮೊಳಕೆ ಕಡಿಮೆ ಬಂದರೆ ಹೊಣೆ ಯಾರದು ಎಂಬ ಜಗಳ ಖಾಯಂ. ಪ್ಯಾಕೆಟ್ ಲೇಬಲ್ ಮೇಲೆ ಲಾಟ್ ನಂಬರ್, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನ, ಅವಧಿ ಮುಗಿಯುವ ದಿನ ಎಲ್ಲ ಇರುತ್ತದೆ. ಬಿತ್ತುವ ಮುನ್ನ ಆ ಲೇಬಲ್ಲಿನ ಒಂದು ಫೋಟೊ ಆರ್ಡರಿಗೆ ಅಂಟಿಕೊಂಡಿದ್ದರೆ ಜಗಳ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ 'ರೈತರ ಬೀಜ' ಎಂದು ಒತ್ತಿದ ಕೂಡಲೇ ಕ್ಯಾಮೆರಾ ತೆರೆದುಕೊಳ್ಳಬೇಕು; ಫೋಟೊ ಇಲ್ಲದೆ ಮುಂದಿನ ಪರದೆಗೆ ಬಿಡಬಾರದು. ಕಡ್ಡಾಯ ಎಂದು ಇಟ್ಟ ಫೋಟೊ ಇಡೀ ಆ್ಯಪ್‌ನಲ್ಲಿ ಇದೊಂದೇ.

ಆರ್ಡರ್ ಬೇರೆ, ಬ್ಯಾಚ್ ಬೇರೆ

ಇಂಥ ಆ್ಯಪ್ ಎಡವುವುದು ಹೆಚ್ಚಾಗಿ ಇಲ್ಲಿ. ಡೆವಲಪರ್ ಸಾಮಾನ್ಯವಾಗಿ ಅಂಗಡಿ ಆ್ಯಪ್‌ನ ಅಚ್ಚು ತಂದು ಇಡುತ್ತಾರೆ: ಐಟಂ, ಸ್ಟಾಕ್, ಆರ್ಡರ್. ಆದರೆ ಸಸಿಗೆ ಸ್ಟಾಕ್ ಎಂಬುದು ದಿನಾಂಕದ ಜೊತೆಗೇ ಬರುವ ಮಾತು. ಇವತ್ತು ಬಿತ್ತಿದ 200 ಟ್ರೇ ಇವತ್ತಿನ ಸ್ಟಾಕ್ ಅಲ್ಲ.

ಆದ್ದರಿಂದ ಬ್ಯಾಚ್, ಅಂದರೆ ಒಟ್ಟಿಗೆ ಬಿತ್ತಿದ ಒಂದೇ ತಳಿಯ ಟ್ರೇಗಳ ಗುಂಪು, ಅದರ ದಾಖಲೆ ಬೇರೆಯೇ ಬೇಕು: ತಳಿ, ಬೀಜದ ಲಾಟ್, ಬಿತ್ತಿದ ದಿನ, ಟ್ರೇ ಸಂಖ್ಯೆ, ಯಾವ ಶೇಡ್‌ನೆಟ್, ಯಾವ ಸಾಲು. ಒಂದು ಬ್ಯಾಚ್‌ನಿಂದ ಹತ್ತು ಆರ್ಡರ್‌ಗೆ ಹೋಗಬಹುದು. ಒಂದು ದೊಡ್ಡ ಆರ್ಡರ್ ಎರಡು ಬ್ಯಾಚ್‌ನಿಂದ ತುಂಬಬಹುದು. ನಡುವೆ 'ಹಂಚಿಕೆ' ಎಂಬ ಮೂರನೇ ಪಟ್ಟಿ: ಈ ಆರ್ಡರಿಗೆ ಈ ಬ್ಯಾಚ್‌ನಿಂದ ಇಷ್ಟು ಟ್ರೇ. ಈ ಪಟ್ಟಿ ಇಲ್ಲದೆ ಆರ್ಡರ್ ಒಳಗೇ ಬಿತ್ತನೆ ದಿನ ಬರೆದುಬಿಟ್ಟರೆ, ಮೊದಲ ಸಲ ಒಬ್ಬರ ಟ್ರೇ ಇನ್ನೊಬ್ಬರಿಗೆ ತಿರುಗಿಸಿದ ದಿನವೇ ಲೆಕ್ಕ ಹರಿದುಹೋಗುತ್ತದೆ. ಹಾಗಾದ ಮೇಲೆ ಎಲ್ಲರೂ ಪುಸ್ತಕಕ್ಕೇ ವಾಪಸ್.

ಬ್ಯಾಚ್‌ನ ಹಂತಗಳು ಮೇಸ್ತ್ರಿ ಬಾಯಲ್ಲಿ ಇರುವಂಥವೇ ಸಾಕು: ಬಿತ್ತಿದೆ, ಪೇರಿಸಿದೆ, ನೆಟ್‌ಗೆ ಬಂತು, ರೆಡಿ, ಮುಗೀತು. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥಿನ್ ಮುಚ್ಚಿ, ಮೊಳಕೆ ಕಂಡ ಮೇಲೆ ನೆಟ್‌ಗೆ ಹರಡುತ್ತಾರೆ. ಆ ಮೂರ್ನಾಲ್ಕು ದಿನ ಟ್ರೇ ನೆಟ್‌ನಲ್ಲಿ ಜಾಗ ತಿನ್ನುವುದಿಲ್ಲ. 'ನೆಟ್‌ಗೆ ಬಂತು' ಎಂದು ಒತ್ತುವಾಗ ಐದು ಟ್ರೇ ಎಣಿಸಿ ಮೊಳೆತದ್ದು ಎಷ್ಟು ಎಂದು ಹಾಕಬೇಕು. ನೂರಕ್ಕೆ 90ರ ಬದಲು 75 ಬಂದಿದ್ದರೆ, ಹಂಚಿಕೆಯಲ್ಲಿ ಯಾರಿಗೆ ಕಡಿಮೆ ಬೀಳುತ್ತದೆ ಎಂಬುದು ಅದೇ ಸಂಜೆ ಮಾಲೀಕರ ಪರದೆಯಲ್ಲಿ ಕೆಂಪಗೆ ಕಾಣುತ್ತದೆ. ಆಗ ಮತ್ತೆ ಬಿತ್ತಲು ಇನ್ನೂ ಹೊತ್ತಿರುತ್ತದೆ.

ಮಾಲೀಕರು ದಿನಾ ನೋಡುವ ಪರದೆ ಕ್ಯಾಲೆಂಡರ್. ಮುಂದಿನ 45 ದಿನದಲ್ಲಿ ಯಾವ ದಿನ ಎಷ್ಟು ಟ್ರೇ ಜಾಗ ಖಾಲಿ ಎಂಬುದಷ್ಟೇ ಅದರಲ್ಲಿ. ಟೊಮ್ಯಾಟೊ ಟ್ರೇ ನೆಟ್‌ನಲ್ಲಿ ಸುಮಾರು 21 ದಿನ, ತಡವಾಗಿ ಒಯ್ಯುವವರಿಗೆ ಇನ್ನೊಂದು ಮೂರು ದಿನ. ಕ್ಯಾಪ್ಸಿಕಂ, ಮೆಣಸಿನಕಾಯಿ ಆದರೆ ಬಿತ್ತನೆಯಿಂದ ತಿಂಗಳ ಮೇಲೆ. ರೇಟು ಏರಿದ ವಾರ ಈ ಪರದೆಯ ಬೆಲೆ ಗೊತ್ತಾಗುತ್ತದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ದಾಟಿತ್ತು. ಅಂಥ ಹೊತ್ತಲ್ಲಿ ಫೋನ್ ನಿಲ್ಲುವುದಿಲ್ಲ, ಯಾರಿಗೂ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಜಾಗಕ್ಕಿಂತ ಹೆಚ್ಚು ಒಪ್ಪಿಕೊಂಡು, ಟ್ರೇಗಳನ್ನು ಒತ್ತೊತ್ತಾಗಿ ಇಟ್ಟು, ಗಾಳಿ ಆಡದೆ ಬುಡ ಕೊಳೆ ಬರುವುದು ಹೀಗೇ.

ಸಂದೇಶ ಹೋಗುವ ದಾರಿ

ರೆಡಿ ಆಗುವ ಏಳು ದಿನ ಮೊದಲು ಒಂದು, ಎರಡು ದಿನ ಮೊದಲು ಇನ್ನೊಂದು ಸಂದೇಶ. ಕೇಳುವುದು ಒಂದೇ: ಯಾವ ದಿನ ಒಯ್ಯುತ್ತೀರಿ? ಉತ್ತರ ಬಾರದಿದ್ದರೆ ಮಾರನೇ ದಿನ ಬೆಳಿಗ್ಗೆ ಆ ಹೆಸರು 'ಫೋನ್ ಮಾಡಬೇಕಾದವರು' ಪಟ್ಟಿಗೆ ಬರಬೇಕು. ರೆಡಿ ಆದ ಮೇಲೆ ಇಷ್ಟು ದಿನ ಮಾತ್ರ ಸಸಿ ಕಾದಿರಿಸುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂಬ ನಿಯಮ ಇದ್ದರೆ ಅದು ಬುಕಿಂಗ್ ಚೀಟಿಯಲ್ಲೇ ಅಚ್ಚಾಗಿರಬೇಕು. ಅಂಥ ನಿಯಮವನ್ನು ಮಾಲೀಕರೇ ಮಾಡಬೇಕು. ಆ್ಯಪ್ ಮೇಲೆ ಹೇರಿ ಪ್ರಯೋಜನವಿಲ್ಲ.

ಎಸ್‌ಎಂಎಸ್ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದ ಪ್ರಕಾರ ಡಿಎಲ್‌ಟಿ (ವ್ಯಾಪಾರಿ ಎಸ್‌ಎಂಎಸ್ ಕಳಿಸುವವರ ದಾಖಲೆ ಇಡುವ ವ್ಯವಸ್ಥೆ) ನೋಂದಣಿ ಬೇಕು: ವ್ಯಾಪಾರದ ದಾಖಲೆ ಕೊಟ್ಟು ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಗುರುತು) ಪಡೆಯುವುದು, ಪ್ರತಿ ಸಂದೇಶದ ಮಾದರಿಯನ್ನೂ ಮೊದಲೇ ಒಪ್ಪಿಸಿಕೊಳ್ಳುವುದು. ಒಂದು ಪದ ಆಚೀಚೆ ಆದರೂ ಸಂದೇಶ ಹೋಗುವುದಿಲ್ಲ. ಇನ್ನೊಂದು ತೊಡಕು ಕನ್ನಡದ್ದೇ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಸಿಕ್ಕರೆ, ಕನ್ನಡ ಯೂನಿಕೋಡ್ (ಎಲ್ಲ ಭಾಷೆಯ ಲಿಪಿಗೂ ಇರುವ ಅಕ್ಷರ ಸಂಕೇತ) ಆದ್ದರಿಂದ 70ಕ್ಕೆ ಒಂದು ಎಸ್‌ಎಂಎಸ್ ಮುಗಿಯುತ್ತದೆ. ಕಾಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆ. 'ಟ್ರೇ' ಎಂದರೆ ನಾಲ್ಕು. ಈ ಸಾಲು ನೋಡಿ:

ನಿಮ್ಮ 83 ಟ್ರೇ ಟೊಮ್ಯಾಟೊ ಸಸಿ 14-06ಕ್ಕೆ ರೆಡಿ. ಒಯ್ಯುವ ದಿನ ತಿಳಿಸಿ.

ಇದು 61. ಮುಂದೆ 'ನಮಸ್ಕಾರ ಅಣ್ಣ,' ಎಂದು ಸೇರಿಸಿದರೆ 75 ಆಗಿ ಎರಡು ಎಸ್‌ಎಂಎಸ್ ದುಡ್ಡು. ಮರ್ಯಾದೆಗೆ ದುಡ್ಡು ಕೊಡಬಾರದು ಎಂದಲ್ಲ, ಗೊತ್ತಿದ್ದು ಕೊಡಬೇಕು.

ದಿನಕ್ಕೆ ಹದಿನೈದು ಇಪ್ಪತ್ತು ಸಂದೇಶದ ನರ್ಸರಿಗೆ ಇದ್ಯಾವುದೂ ಬೇಡ ಎಂಬುದೇ ಇಲ್ಲಿನ ತೀರ್ಮಾನ. ಆ್ಯಪ್‌ನಲ್ಲಿ ರೈತರ ಹೆಸರಿನ ಮುಂದೆ ವಾಟ್ಸ್‌ಆ್ಯಪ್ ಗುರುತು. ಒತ್ತಿದರೆ ಸಂದೇಶ ಬರೆದುಕೊಂಡೇ ವಾಟ್ಸ್‌ಆ್ಯಪ್ ತೆರೆಯುತ್ತದೆ, ಬುಕಿಂಗ್ ಬರೆಯುವವರು ಕಳಿಸು ಒತ್ತುತ್ತಾರೆ. ನರ್ಸರಿಯ ಅದೇ ಹಳೇ ನಂಬರಿನಿಂದ ಹೋಗುವುದರಿಂದ ರೈತರು ನಂಬಿ ಉತ್ತರ ಕೊಡುತ್ತಾರೆ. ಸಂದೇಶಕ್ಕಿಷ್ಟು ಎಂದು ಕೊಡಬೇಕಾದ ವಾಟ್ಸ್‌ಆ್ಯಪ್ ಎಪಿಐ (ಆ್ಯಪ್ ತಾನೇ ಸಂದೇಶ ಕಳಿಸುವ ವ್ಯವಸ್ಥೆ), ತಾನೇ ಉತ್ತರ ಕೊಡುವ ಬಾಟ್ ಇತ್ಯಾದಿ ದಿನಕ್ಕೆ ನೂರು ದಾಟಿದ ಮೇಲಿನ ಮಾತು. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿ ನೆಚ್ಚಿಕೊಂಡು ಕೂರುವುದೂ ಬೇಡ, ನರ್ಸರಿ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ.

ರೈತರ ದಾಖಲೆಯಲ್ಲಿ ಭಾಷೆಗೊಂದು ಗುರುತು ಇರಲಿ: ಕನ್ನಡ ಅಥವಾ ತೆಲುಗು. ಮುಳಬಾಗಿಲು ಗಡಿ ತಾಲ್ಲೂಕು. ಆಂಧ್ರದ ಪಲಮನೇರು, ಪುಂಗನೂರು ಕಡೆಯಿಂದ ಬರುವವರಿಗೆ ಕನ್ನಡ ಸಂದೇಶ ಓದಲು ಬಾರದೆ, ನೋಡಿ ಸುಮ್ಮನಾಗುತ್ತಾರೆ. ಹುಡುಕಾಟಕ್ಕೆ ಹೆಸರನ್ನು ನಂಬಬೇಡಿ. ಒಂದೇ ಹೋಬಳಿಯಲ್ಲಿ ವೆಂಕಟೇಶಪ್ಪ, ನಾರಾಯಣಸ್ವಾಮಿ ಎಷ್ಟು ಜನ ಬೇಕು? ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಹೊಡೆದರೆ ಹೆಸರು, ಊರು ಬರಬೇಕು. ಎರಡು ನಂಬರ್‌ಗೆ ಜಾಗ ಇರಲಿ. ಬುಕ್ ಮಾಡುವುದು ಅಪ್ಪ, ಗಾಡಿ ತರುವುದು ಮಗ. ಆಧಾರ್, ಪಹಣಿ ಏನೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ, ಬೇಡದ ಮಾಹಿತಿ ಇಟ್ಟುಕೊಂಡಷ್ಟೂ ಹೊಣೆ ಹೆಚ್ಚು.

ನೆಟ್ ಒಳಗೆ ನೆಟ್‌ವರ್ಕ್ ಇಲ್ಲ

ಶೇಡ್‌ನೆಟ್ ಒಳಗೆ, ಊರಿನಿಂದ ಎರಡು ಕಿಲೋಮೀಟರ್ ಆಚೆ, ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಎಂಟ್ರಿ ಮೊದಲು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ತಾನೇ ಮೇಲೆ ಹೋಗಬೇಕು. ಇಲ್ಲಿ ಆ್ಯಪ್ ಕಟ್ಟಲು ಫ್ಲಟರ್, ದಾಖಲೆ ಇಡಲು ಗೂಗಲ್‌ನ ಫೈರ್‌ಬೇಸ್‌ನಲ್ಲಿರುವ ಫೈರ್‌ಸ್ಟೋರ್ ಸಾಕು. ಆಂಡ್ರಾಯ್ಡ್‌ನಲ್ಲಿ ಆಫ್‌ಲೈನ್ ಉಳಿಕೆ ತಾನಾಗಿಯೇ ಇರುತ್ತದೆ. ದಿನಕ್ಕೆ 50,000 ಓದು, 20,000 ಬರಹದ ತನಕ ಉಚಿತ, ನಾಲ್ಕು ಫೋನಿಗೆ ಅದು ಮುಗಿಯುವ ಮಾತೇ ಇಲ್ಲ. ಎಡವುವ ಜಾಗ ಎರಡಿವೆ, ಮೊದಲೇ ಸರಿಮಾಡಿಕೊಳ್ಳಬೇಕು.

ಒಂದು: ಆಫ್‌ಲೈನ್‌ನಲ್ಲಿ ಟ್ರಾನ್ಸಾಕ್ಷನ್ (ಈಗಿರುವ ಅಂಕಿಯನ್ನು ಓದಿ ನೋಡಿ ತಿದ್ದುವ ಕ್ರಮ) ನಡೆಯುವುದಿಲ್ಲ, ಕೊನೆಗೆ ಬರೆದದ್ದೇ ಉಳಿಯುತ್ತದೆ. ಲೋಡಿಂಗ್ ಹುಡುಗ 'ಉಳಿದದ್ದು 120 ಟ್ರೇ' ಎಂದು ತಿದ್ದಿ, ಮೇಸ್ತ್ರಿ ತನ್ನ ಫೋನಿನಲ್ಲಿ 'ಉಳಿದದ್ದು 140' ಎಂದು ತಿದ್ದಿದರೆ ಒಂದು ಅಳಿಸಿಹೋಗುತ್ತದೆ. ಆದ್ದರಿಂದ ಯಾರೂ ಮೊತ್ತ ತಿದ್ದಬಾರದು. '30 ಟ್ರೇ ಹೋಯಿತು', '10 ಟ್ರೇ ಕೊಳೆಯಿತು' ಎಂದು ಹೊಸ ಸಾಲು ಸೇರಿಸಬೇಕು. ಮೊತ್ತ ಆ್ಯಪ್ ಕೂಡಿಕೊಳ್ಳುತ್ತದೆ. ಎರಡು: ಆರ್ಡರ್ ನಂಬರ್ 1, 2, 3 ಎಂದು ಓಡಬೇಕೆಂದರೆ ಸಿಗ್ನಲ್ ಇಲ್ಲದ ಎರಡು ಫೋನ್ ಒಂದೇ ನಂಬರ್ ಕೊಡುತ್ತವೆ. ಫೋನಿಗೊಂದು ಅಕ್ಷರ ಇಟ್ಟು ಅ-147, ಬ-32 ಎಂದು ಮಾಡಿದರೆ ಮುಗೀತು.

ಲಾಗಿನ್‌ಗೆ ಓಟಿಪಿ ಬೇಡ. ನಾಲ್ಕು ಅಂಕಿಯ ಪಿನ್ ಸಾಕು, ಆದರೆ ಒಳಗೆ ಪ್ರತಿ ಫೋನಿಗೂ ಬೇರೆ ಖಾತೆ ಇರಲಿ. ಮೇಸ್ತ್ರಿ ಮತ್ತು ಲೋಡಿಂಗ್ ಹುಡುಗನ ಖಾತೆಯಲ್ಲಿ ದುಡ್ಡಿನ ಪರದೆ ಬರಬಾರದು. ಬಟನ್ ದೊಡ್ಡದಿರಲಿ, ಕೊಕೊಪೀಟ್ (ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿ) ಮೆತ್ತಿದ ಒದ್ದೆ ಬೆರಳಿಗೆ ಸಿಗುವಷ್ಟು. ಅಂಕಿಗಳು 1, 2, 3 ಎಂದೇ ಇರಲಿ.

ಕನ್ನಡ ಪರದೆಯಲ್ಲಿ ಹೆಚ್ಚಾಗಿ ಕೆಡುವುದು ಸಾಲಿನ ಎತ್ತರ. ಇಂಗ್ಲಿಷಿಗೆ ಹೊಂದಿಸಿದ ಬಟನ್ ಒಳಗೆ 'ಬಿತ್ತನೆ', 'ಮೊತ್ತ' ಎಂದು ಹಾಕಿದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಡಿಸೈನ್ ಚಿತ್ರದಲ್ಲಿ ಸರಿ ಕಾಣುತ್ತದೆ, ಅಗ್ಗದ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡವರ ಕೈಯಲ್ಲಿ ಕೆಡುತ್ತದೆ. ಪರೀಕ್ಷೆ ಅಂಥ ಫೋನಿನಲ್ಲೇ ಆಗಬೇಕು.

ಲೋಡಿಂಗ್ ಚೀಟಿಗೆ ಬ್ಲೂಟೂತ್ ಥರ್ಮಲ್ ಪ್ರಿಂಟರ್, 58 ಮಿಲಿಮೀಟರ್ ರೋಲಿನದು. ಅಗ್ಗದ ಪ್ರಿಂಟರಿನೊಳಗೆ ಕನ್ನಡ ಫಾಂಟ್ ಇರುವುದಿಲ್ಲ. ಪಠ್ಯ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಚೀಟಿಯನ್ನು ಆ್ಯಪ್‌ನಲ್ಲೇ ಚಿತ್ರವಾಗಿ ಬಿಡಿಸಿ, 384 ಚುಕ್ಕೆ ಅಗಲಕ್ಕೆ ಹೊಂದಿಸಿ ಕಳಿಸಬೇಕು. ಕೊಟೇಶನ್ ತೆಗೆದುಕೊಳ್ಳುವಾಗಲೇ 'ಕನ್ನಡ ಚೀಟಿ ಪ್ರಿಂಟ್' ಎಂದು ಬರೆಸಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ ಹೆಚ್ಚುವರಿ ಬಿಲ್ ಆಗುವುದು ಇದೇ. ಈ ಚೀಟಿಗೆ ಇನ್ನೊಂದು ಕೆಲಸವೂ ಇದೆ. ಗಾಡಿ ಹೊರಡಲು ಚೀಟಿ ಬೇಕು, ಚೀಟಿ ಬರಲು ಎಂಟ್ರಿ ಆಗಬೇಕು. ಹಾಗಿಲ್ಲದ ಕಡೆ ಎಲ್ಲ ಎಂಟ್ರಿಯನ್ನೂ ರಾತ್ರಿ ಎಂಟಕ್ಕೆ ನೆನಪಿನಿಂದ ತುಂಬುತ್ತಾರೆ.

ದುಡ್ಡು, ಖಾತೆ, ಕೀಲಿ

ಅಡ್ವಾನ್ಸ್‌ಗೆ ಪೇಮೆಂಟ್ ಗೇಟ್‌ವೇ ಬೇಡ. ನರ್ಸರಿಯ ಯುಪಿಐ ಕ್ಯೂಆರ್ ಇದೆ, ನಗದೂ ಬರುತ್ತದೆ. ಆ್ಯಪ್‌ನಲ್ಲಿ ಮೊತ್ತ, ದಾರಿ, ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್. 'ಬಂತು' ಎಂಬ ಗುರುತು ಬ್ಯಾಂಕ್ ಖಾತೆ ನೋಡಿದ ಮೇಲೆಯೇ ಬೀಳಬೇಕು, ರೈತ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಲ್ಲ.

ಪ್ಲೇ ಸ್ಟೋರ್ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್. ಐಫೋನಿನ ಆ್ಯಪ್ ಸ್ಟೋರ್‌ಗೆ ವರ್ಷಕ್ಕೆ 99 ಡಾಲರ್. ನಾಲ್ವರೂ ಆಂಡ್ರಾಯ್ಡ್ ಆದ್ದರಿಂದ ಅದು ಬೇಕಿಲ್ಲ. ಹೊಸ ವೈಯಕ್ತಿಕ ಖಾತೆಯಿಂದ ಎಲ್ಲರಿಗೂ ಕಾಣುವಂತೆ ಆ್ಯಪ್ ಬಿಡಬೇಕೆಂದರೆ ಮೊದಲು 12 ಜನರ ಕೈಯಲ್ಲಿ ಸತತ 14 ದಿನ ಪರೀಕ್ಷೆ ನಡೆದಿರಬೇಕು. ಆದರೆ ಪ್ಲೇ ಸ್ಟೋರ್‌ನಲ್ಲೇ ಇರುವ ಇಂಟರ್ನಲ್ ಟೆಸ್ಟಿಂಗ್‌ನಲ್ಲಿ (ಆರಿಸಿದವರಿಗಷ್ಟೇ ಆ್ಯಪ್ ಕೊಡುವ ದಾರಿ) 100 ಜನರ ತನಕ ಕೊಡಬಹುದು, ಅದಕ್ಕೆ ಈ ಕಾಯುವಿಕೆ ಇಲ್ಲ. ನಾಲ್ಕು ಜನರ ಆ್ಯಪ್ ಅಲ್ಲೇ ಇದ್ದರೂ ಏನೂ ನಷ್ಟವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆ್ಯಪ್‌ನ ಎಪಿಕೆ ಫೈಲನ್ನೇ ಹಂಚುವುದಕ್ಕಿಂತ ಇದೇ ವಾಸಿ, ಅಪ್‌ಡೇಟ್ ತಾನಾಗಿ ಬರುತ್ತದೆ.

ಪ್ಲೇ ಖಾತೆ, ಫೈರ್‌ಬೇಸ್ ಪ್ರಾಜೆಕ್ಟ್ ಎರಡೂ ಮಾಲೀಕರ ಜಿಮೇಲ್‌ನಲ್ಲೇ ತೆರೆಯಬೇಕು. ಡೆವಲಪರ್‌ಗೆ ಒಳಬರಲು ಅನುಮತಿ ಕೊಟ್ಟರೆ ಸಾಕು. ಸೋರ್ಸ್ ಕೋಡ್, ಅಪ್‌ಲೋಡ್ ಕೀ ಫೈಲ್ (ಹೊಸ ಅಪ್‌ಡೇಟ್ ಪ್ಲೇ ಸ್ಟೋರ್‌ಗೆ ಏರಿಸಲು ಬೇಕಾದ ಕೀಲಿ) ಮತ್ತು ಅದರ ಪಾಸ್‌ವರ್ಡ್ ಕೊನೆಯ ಕಂತು ಕೊಡುವ ಮುನ್ನ ಕೈಗೆ ಬರಬೇಕು. ಕಂತು ಮೂರು: ಪೇಪರ್ ಮೇಲೆ ಬರೆದ ಪರದೆಗಳು ಒಪ್ಪಿಗೆಯಾದಾಗ, ಆಫ್‌ಲೈನ್ ಎಂಟ್ರಿ ಮತ್ತು ಚೀಟಿ ನೆಟ್ ಒಳಗೆ ನಡೆದು ತೋರಿಸಿದಾಗ, ಒಂದು ಪೂರ್ತಿ ಟೊಮ್ಯಾಟೊ ಬ್ಯಾಚ್ ಬಿತ್ತನೆಯಿಂದ ಲೋಡಿಂಗ್ ತನಕ ಆ್ಯಪ್‌ನಲ್ಲೇ ಮುಗಿದಾಗ. ಮೂರನೆಯದಕ್ಕೆ ಹೆಚ್ಚುಕಡಿಮೆ ತಿಂಗಳು ಹಿಡಿಯುತ್ತದೆ. ಡೆವಲಪರ್ ಗೊಣಗುತ್ತಾರೆ, ಬಿಡಬೇಡಿ. ಆ ಒಂದು ಬ್ಯಾಚ್ ಮುಗಿಯುವವರೆಗೆ ಪುಸ್ತಕವೂ ಜೊತೆಗೇ ನಡೆಯಲಿ, ಪ್ರತಿ ಸಂಜೆ ಎರಡರ ಟ್ರೇ ಮೊತ್ತ ತಾಳೆ ನೋಡಿ.

ರೈತರಿಗೆ ಆ್ಯಪ್ ಎಂಬ ಮೊದಲ ಬೇಡಿಕೆ ಕೈಬಿಟ್ಟಿಲ್ಲ, ಎರಡನೇ ಹಂತಕ್ಕೆ ಹೋಗಿದೆ, ಅದೂ ಆ್ಯಪ್ ಆಗಿ ಅಲ್ಲ. ಬುಕಿಂಗ್ ಸಂದೇಶದ ಕೊನೆಗೆ ಒಂದು ಲಿಂಕ್. ಒತ್ತಿದರೆ ಆ ಆರ್ಡರಿನ ಬ್ಯಾಚ್ ಯಾವ ಹಂತದಲ್ಲಿದೆ, ಸಸಿಯ ಇತ್ತೀಚಿನ ಫೋಟೊ, ಬಾಕಿ ಎಷ್ಟು, ಜೊತೆಗೆ ದಿನ ಆರಿಸಲು ಮೂರು ಬಟನ್: ಹೇಳಿದ ದಿನಕ್ಕೆ, ಮೂರು ದಿನ ತಡ, ಬೇಡ. ಏಳು ದಿನ ಮುಂಚಿನ ಸಂದೇಶಕ್ಕೆ ಅರ್ಧಕ್ಕಿಂತ ಹೆಚ್ಚು ಜನ ವಾಟ್ಸ್‌ಆ್ಯಪ್‌ನಲ್ಲೇ ಉತ್ತರ ಕೊಡುತ್ತಿದ್ದರೆ ಈ ಲಿಂಕ್‌ಗೂ ಖರ್ಚು ಮಾಡುವ ಅವಸರವಿಲ್ಲ. ಉತ್ತರ ಬಾರದೆ ದಿನಾ ಹತ್ತಾರು ಫೋನ್ ಮಾಡಬೇಕಾಗಿ ಬಂದರೆ ಆಗ ಮಾಡಿಸುವುದು.